ಗೇಮ್ ಡಬ್ಬಿಯಲ್ಲಿ ಅಣ್ಣನ ಸಿಳ್ಳು

ಸಪ್ಪಳ ಬಂತೆಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ ಎಂದು ನಂಬಿ ಬದುಕಿದವನು ನಾನು. ಮೀಸೆ ಮೂಡುವ ಮೊದಲಿನಿಂದ ಇಚಲಕರಂಜಿಯ ಪವರ್‌ಲೂಮಿನಲ್ಲಿ ದುಡಿದಿದ್ದೇನೆ. ಮಗ್ಗದ ಸಪ್ಪಳ ಚೂರು ಬದಲಾದರೆ ಎಲ್ಲಿ ಪಟ್ಟಾ ಸಡಿಲಾಗಿದೆ, ಎಲ್ಲಿ ನಟ್ಟು ಬಿಚ್ಚಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಅದಕ್ಕೇ ಯಾರಾದರೂ ಹುಣಸೆಮರದ ಕೆಳಗೆ ಗೆಜ್ಜೆ ಕೇಳಿಸಿತು, ಸತ್ತವರು ಹೆಸರು ಹಿಡಿದು ಕರೆದರು ಎಂದರೆ ಮುಖದ ಮೇಲೆಯೇ ನಕ್ಕುಬಿಡುತ್ತಿದ್ದೆ. ಈಗ ನಗುವುದಿಲ್ಲ. ನಂಬುತ್ತೇನೆ ಅಂತಲ್ಲ, ಸುಮ್ಮನಿರುತ್ತೇನೆ, ಅಷ್ಟೇ. ನೀವೂ ನಂಬಲೇಬೇಕೆಂದಿಲ್ಲ.

ನಮ್ಮದು ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ ತಾಲೂಕು, ನೇಸರಿಯ ಹತ್ತಿರದ ಊರು. ಕುರಿ ಸಾಕುವ ಮನೆತನ. ಅಣ್ಣ ಶಾಲೆಯ ಮೆಟ್ಟಿಲು ಹತ್ತಿದ್ದೂ ಕಡಿಮೆ, ನಾನು ಏಳನೇ ಇಯತ್ತೆಗೆ ಬಿಟ್ಟೆ. ಅವನು ಕುರಿಯ ಹಿಂದೆ ಹೋದ, ನಾನು ಮಗ್ಗದ ಮುಂದೆ ನಿಂತೆ. ಶಾಲೆ ಬಿಟ್ಟವನೆಂದು ನಾನು ಯಾರ ಮುಂದೂ ತಲೆ ತಗ್ಗಿಸಿಲ್ಲ. ದುಡಿದು ತಿಂದವನಿಗೆ ಅದರ ಅಗತ್ಯವೂ ಇಲ್ಲ.

ಚಿಪ್‌ಟ್ಯೂನಿನ, ಅಂದರೆ ಹಳೆಯ ಗೇಮ್ ಡಬ್ಬಿಯ ದನಿಯಲ್ಲೇ ಹಾಡು ಕಟ್ಟುವ ಹುಚ್ಚು ಹತ್ತಿದ್ದು ಕೊಲ್ಹಾಪುರದಲ್ಲಿ. ಮಗ್ಗದ ಸಾಮಾನು ತರಲು ಹೋದಾಗ, ಟೀವಿ ರಿಪೇರಿ ಮಾಡುವ ಸಂದೀಪನ ಅಂಗಡಿಯಲ್ಲಿ ಒಂದು ಹಳೆಯ ವಿಡಿಯೋ ಗೇಮ್ ಹಾಡುತ್ತಿತ್ತು. ಕೈಯಲ್ಲಿ ಹಿಡಿದು ಆಡುವಂಥ ಬೂದು ಬಣ್ಣದ ಡಬ್ಬಿ. ಅದರ ಬೆನ್ನಿಗೆ ಒಂದು ಕ್ಯಾಸೆಟ್ ಸಿಕ್ಕಿಸಿದರೆ ಆಟದ ಬದಲು ಅಂಕಿ ಅಕ್ಷರದಲ್ಲಿ ಸ್ವರ ಬರೆಯುವ ಸಾಲುಗಳು ಬರುತ್ತವೆ. ಅದಕ್ಕೆ ಇರುವುದು ನಾಲ್ಕೇ ದನಿ. ಎರಡು ಪೀಪಿಯಂತೆ ಕೂಗುತ್ತವೆ, ಒಂದು ದಪ್ಪಗೆ ಗುಂಯ್ ಅನ್ನುತ್ತದೆ, ಉಳಿದೊಂದಕ್ಕೆ ಸ್ವರವೇ ಇಲ್ಲ, ಬರೀ ಚುರ್ ಚುರ್. ಆ ಚುರ್ ಚುರ್‌ನಲ್ಲಿ ಸಂದೀಪ ತಾಳ ಕೂರಿಸಿದ್ದ. ನನಗೆ ಅದರಲ್ಲಿ ನಮ್ಮ ಮಗ್ಗ ಕೇಳಿಸಿತು. ಸ್ವರಗಳನ್ನು ಮಗ್ಗದ ಹಾಸಿನ ಉದ್ದ ಎಳೆಗಳ ಹಾಗೆ ಮೇಲಿನಿಂದ ಕೆಳಕ್ಕೆ ತುಂಬುತ್ತ ಹೋಗಬೇಕು. ಮಗ್ಗದವನಿಗೆ ಅದನ್ನು ಯಾರು ಕಲಿಸಬೇಕು? ಅಂಥದೇ ಒಂದು ಡಬ್ಬಿ ಹುಡುಕಿಸಿ ತಂದುಕೊಂಡೆ. ಪಾಳಿ ಮುಗಿಸಿ ಬಂದು, ಕಿವಿಯಲ್ಲಿ ಮಗ್ಗ ಇನ್ನೂ ಬಡಿಯುತ್ತಿರುವಾಗಲೇ ಕೂತು ಹಾಡು ಕಟ್ಟುತ್ತಿದ್ದೆ. ಚಹಾ ಆರಿ ಕೆನೆ ಕಟ್ಟುತ್ತಿತ್ತು. ಆ ದಿನಗಳನ್ನು ನೆನೆದರೆ ಈಗಲೂ ಜೀವಕ್ಕೆ ಹಿತವಾಗುತ್ತದೆ.

ಒಮ್ಮೆ ಅಣ್ಣ ಇಚಲಕರಂಜಿಗೆ ಬಂದಾಗ ಅವನ ಒಂದು ಕಿವಿಗೆ, ನನ್ನ ಒಂದು ಕಿವಿಗೆ ವೈರು ಸಿಕ್ಕಿಸಿ ಕೇಳಿಸಿದೆ. "ಏನೋ ತಮ್ಮಾ, ಜೀರುಂಡಿ ಹಿಡದು ಡಬ್ಬ್ಯಾಗ ಹಾಕಿಯೇನು? ಪಾಪ, ಅದಕ್ಕೊಂದೀಟು ಗಾಳಿ ಆಡಾಕರ ತೂತು ಮಾಡು" ಅಂದ. ಹಾಗಂದವನು ನಾಲ್ಕು ಹಾಡು ಮುಗಿದರೂ ಕಿವಿಯಿಂದ ವೈರು ತೆಗೆಯಲಿಲ್ಲ.

ಅವನಿಗೆ ಹಾಡು ಬರುತ್ತಿರಲಿಲ್ಲ. ಸಿಳ್ಳು ಬರುತ್ತಿತ್ತು. ನಾಲಿಗೆಯ ಕೆಳಗೆ ಎರಡು ಬೆರಳಿಟ್ಟು ಒಂದೇ ಒಂದು ಸಿಳ್ಳು ಹಾಕಿದರೆ ಗುಡ್ಡದ ಆಚೆಯ ಕುರಿಯೂ ತಿರುಗಿ ಬರುತ್ತಿತ್ತು. ನಮ್ಮ ಕಡೆ ಒಬ್ಬೊಬ್ಬ ಕುರುಬನ ಕರೆ ಒಂದೊಂದು ತರಹ; ಒಬ್ಬನ ಕರೆಗೆ ಇನ್ನೊಬ್ಬನ ಕುರಿ ಕಿವಿ ಕೂಡ ಅಲುಗಿಸುವುದಿಲ್ಲ.

ಆ ಅಣ್ಣ ಒಂದು ಮಳೆಗಾಲದಲ್ಲಿ ಕಾಮಾಲೆಯಾಗಿ ಹೋಗಿಬಿಟ್ಟ. ಕುರಿ ದಿಕ್ಕುತಪ್ಪಿದವು. ವೈನಿ, ಅಂದರೆ ಅಣ್ಣನ ಹೆಂಡತಿ, ಕೋಲು ಹಿಡಿದು ಹಿಂದೆ ಓಡಿದರೂ ಬರಲೊಲ್ಲವು, ಕಂಡವರ ಕಬ್ಬಿಗೆ ನುಗ್ಗುತ್ತಿದ್ದವು, ದಿನಾ ಜಗಳ. ಆಜರಾದಲ್ಲಿದ್ದ ಆಕೆಯ ಅಣ್ಣ, ಕುರಿ ಮಾರಿ ತವರಿಗೆ ಬಂದುಬಿಡು ಎಂದು ಗಂಟುಬಿದ್ದ. ವೈನಿಗೆ ಅದು ಸುತಾರಾಂ ಬೇಡವಾಗಿತ್ತು. "ಅಣ್ಣನ ಮನ್ಯಾಗ ಮೂಲ್ಯಾಗ ಕುಂತು ಅಕ್ಕಿ ಆರಿಸೂ ಬಾಳೇ ನನಗ ಬ್ಯಾಡಪಾ. ಕುರಿ ಇದ್ರ ನಾ ಇಲ್ಲೇ ಇರ್ತೇನಿ" ಅಂದಳು. ಆದರೆ ಮಾತು ಕೇಳದ ಕುರಿಯನ್ನು ಇಟ್ಟುಕೊಂಡು ಏನು ಮಾಡುವುದು? ವ್ಯಾಪಾರಿಗೆ ಬಾ ಎಂದು ಹೇಳಿ ಆಗಿತ್ತು.

ಅಣ್ಣನ ಸಿಳ್ಳು ಯಾರ ಫೋನಿನಲ್ಲೂ ಇರಲಿಲ್ಲ. ದಿನಾ ಕೇಳುವುದನ್ನು ಯಾರು ತುಂಬಿಟ್ಟುಕೊಳ್ಳುತ್ತಾರೆ? ಹಾಗಾದರೆ ನಾನೇ ಕಟ್ಟುತ್ತೇನೆ ಎಂದು ರಜೆ ಹಾಕಿ, ಡಬ್ಬಿ ಮತ್ತು ಸಣ್ಣ ಸ್ಪೀಕರ್ ಹಿಡಿದು ಊರಿಗೆ ಬಂದೆ. ಪೀಪಿಯ ದನಿಯನ್ನು ಕೆಳಗಿನಿಂದ ಮೇಲಕ್ಕೆ ಜಾರಿಸಿ, ಆಮೇಲೆ ಇಳಿಸಿ, ಹತ್ತಾರು ತರಹ ಮಾಡಿದೆ. ಕುರಿ ಒಂದೂ ತಲೆ ಎತ್ತಲಿಲ್ಲ. "ಏನಪಾ ಮೈದುನ, ನೇಸರಿ ಬಸ್ ಬಂತಂತ ತಿಳಕೊಂಡು ಕುರಿ ದಾರಿ ಬಿಟ್ಟಾವ ನೋಡು" ಎಂದು ವೈನಿ ನಕ್ಕಳು. ಆಕೆ ನಕ್ಕಿದ್ದನ್ನು ನೋಡಿ ಬಹಳ ದಿನ ಆಗಿತ್ತು. ಆದರೂ ನನಗೆ ಅವಮಾನವಾಯಿತು.

ಮರುದಿನ ವ್ಯಾಪಾರಿ ಬರುವವನಿದ್ದ. ಮಧ್ಯಾಹ್ನ ಇಳಿಹೊತ್ತು, ನಾನು ಗುಡ್ಡದ ಬುಡದಲ್ಲಿ ಕೂತಿದ್ದೆ, ಕುರಿ ಮೇಲೆ ಇಳಿಜಾರಿನಲ್ಲಿ ಮೇಯುತ್ತಿದ್ದವು. ಕ್ಯಾಸೆಟ್ಟಿನ ಒಳಗೆ ಗುಂಡಿಯಂಥ ಒಂದು ಸೆಲ್ ಇರುತ್ತದೆ, ಬರೆದ ಹಾಡು ಉಳಿಯುವುದು ಅದರ ಕರೆಂಟಿನ ಮೇಲೆ. ಅದು ಸೋಲುತ್ತ ಬಂದಿತ್ತು. ಡಬ್ಬಿ ಚಾಲೂ ಇರುವಾಗಲೇ ಸೆಲ್ ಬದಲಿಸಬೇಕು, ಆಗ ಡಬ್ಬಿಯ ಕರೆಂಟೇ ಹಾಡನ್ನು ಹಿಡಿದುಕೊಳ್ಳುತ್ತದೆ ಎಂದು ಸಂದೀಪ ಸಾರಿ ಸಾರಿ ಹೇಳಿದ್ದ. ಆದರೆ ಇದು ಮಗ್ಗದವನ ಕೈ. ಮೊದಲು ಸ್ವಿಚ್ ಬಂದ್, ಆಮೇಲೆ ಒಳಗೆ ಕೈ. ಅದನ್ನು ಮರೆತವರು ನಮ್ಮಲ್ಲಿ ಬೆರಳಿಲ್ಲದೆ ತಿರುಗುತ್ತಾರೆ. ಕೈ ತಾನಾಗಿಯೇ ಹೋಗಿ ಡಬ್ಬಿ ಬಂದ್ ಮಾಡಿತು, ಸೆಲ್ ಕಿತ್ತಿತು. ಕಿತ್ತ ಮೇಲೆ ನೆನಪಾಯಿತು. ಅಣ್ಣ ಕೇಳಿದ್ದ ನಾಲ್ಕು ಹಾಡೂ ಸೇರಿ ಅಷ್ಟು ವರ್ಷ ಕಟ್ಟಿದ್ದೆಲ್ಲ ಹೋಗಿತ್ತು.

ಆಮೇಲೆ ಹೊಸ ಸೆಲ್ ಹಾಕಿ, ಚಾಲೂ ಮಾಡಿದೆ. ಪರದೆ ಖಾಲಿ. ಮೊದಲನೆಯ ಸಾಲಿನಲ್ಲಿ ಮಾತ್ರ ಒಂದಿಷ್ಟು ಅಂಕಿ ಅಕ್ಷರ ಇದ್ದವು. ನಾನು ಬರೆದವಲ್ಲ. ಸುಮ್ಮನೆ ಗುಂಡಿ ಒತ್ತಿದೆ.

ಅಣ್ಣನ ಸಿಳ್ಳು ಬಂತು.

ಕೆಳಗಿನಿಂದ ಏರಿತು, ನಡುವೆ ಒಂದು ಕ್ಷಣ ಕಡಿಯಿತು, ಮತ್ತೆ ಹಿಡಿದು ಇಳಿಯಿತು. ಆ ಕಡಿತ ನನಗೆ ಪೂರಾ ಮರೆತುಹೋಗಿತ್ತು. ಟಗರು ಹಾಯ್ದು ಅಣ್ಣನ ಮುಂದಿನ ಹಲ್ಲು ಮುರಿದಿತ್ತು, ಅಲ್ಲಿ ಗಾಳಿ ಸೋರಿ ಅವನ ಸಿಳ್ಳು ಹಾಗೆ ನಡುವೆ ಒಡೆಯುತ್ತಿತ್ತು. ಕೇಳಿದ ಮೇಲೆಯೇ ನೆನಪಾದದ್ದು.

ಕುರಿ ಒಮ್ಮೆಲೇ ತಲೆ ಎತ್ತಿದವು. ಮುಂದಿನ ಟಗರು ತಿರುಗಿತು, ಅದರ ಹಿಂದೆ ಎಲ್ಲವೂ ಧೂಳೆಬ್ಬಿಸುತ್ತ ಇಳಿದು ಬಂದವು. ವೈನಿ ಕೆಳಗೆ ಹೊಂಡದಲ್ಲಿ ಕೊಡ ತುಂಬುತ್ತಿದ್ದಳು. ಅವಳು ನನ್ನ ಕಡೆ ನೋಡಲಿಲ್ಲ. ನನ್ನ ಹಿಂದಿನ ಗುಡ್ಡದ ಕಡೆ ನೋಡಿದಳು, ನೋಡುತ್ತಲೇ ಸೆರಗು ತಲೆಯ ಮೇಲೆ ಎಳೆದುಕೊಂಡಳು. ನಾನೂ ತಿರುಗಿ ನೋಡಿದೆ. ಗುಡ್ಡದ ಮೇಲೆ ಯಾರೂ ಇರಲಿಲ್ಲ.

ಡಬ್ಬಿ ಅದನ್ನೇ ಮತ್ತೆ ಮತ್ತೆ ನುಡಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ವೈನಿ ಹತ್ತಿರ ಬಂದು ನಿಂತಳು. ಬೆರಳು ಬಾಯಿಗಿಟ್ಟು ಊದಿದಳು, ಬರೀ ಗಾಳಿ ಬಂತು. ಹೆಣ್ಣುಮಕ್ಕಳು ಸಿಳ್ಳು ಹಾಕಿದರೆ ನಮ್ಮೂರಲ್ಲಿ ನಾಲ್ಕು ಮಂದಿ ನಾಲ್ಕು ಮಾತು ಆಡುತ್ತಾರೆ. ಅದನ್ನು ಆಕೆ ಲೆಕ್ಕಕ್ಕೆ ಹಿಡಿಯಲಿಲ್ಲ. ಹೊತ್ತು ಮುಳುಗುವುದರೊಳಗೆ ಸಿಳ್ಳು ಹಿಡಿದಳು, ಆ ನಡುವಿನ ಕಡಿತವೂ ಸೇರಿ. ಹಾಡು ಉಳಿಸುವ ಗುಂಡಿಯನ್ನು ನಾನು ನನ್ನ ಕೈಯಾರೆ ಒತ್ತಿದ್ದೇನೆ, ಅದರಲ್ಲಿ ಸಂಶಯವಿಲ್ಲ. ಬೆಳಿಗ್ಗೆ ಚಾಲೂ ಮಾಡಿದರೆ ಪರದೆ ಪೂರಾ ಖಾಲಿ.

ವ್ಯಾಪಾರಿ ಬಂದ. ವೈನಿ ಬೇಡ ಅನ್ನಲಿಲ್ಲ, ಸಿಳ್ಳು ಹಾಕಿದಳು. ಕುರಿ ಅವನ ಕಾಲು ತುಳಿದುಕೊಂಡೇ ಆಕೆಯ ಸುತ್ತ ನೆರೆದವು. ಅವನು ಧೋತರ ಝಾಡಿಸಿಕೊಂಡು, "ಇವು ಮಾರೂ ಕುರಿ ಅಲ್ಲ ಬಿಡ್ರಿ ಅಕ್ಕಾರ. ಚಹಾ ಆದ್ರೂ ಮಾಡ್ರಿ, ದೂರಿಂದ ಬಂದೇನಿ" ಅಂದ.

ಮುಂದೆ ಕೊಲ್ಹಾಪುರಕ್ಕೆ ಹೋದಾಗ ಸಂದೀಪನಿಗೆ ಎಲ್ಲ ಹೇಳಿದೆ. ಸೆಲ್ ಕಿತ್ತರೆ ಒಳಗೆ ಏನೇನೋ ಅಂಕಿ ತಾವಾಗಿಯೇ ಮೂಡುತ್ತವೆ, ಇಲ್ಲವೇ ನೀನೇ ಮೊದಲು ಬರೆದದ್ದು ಚೂರು ಉಳಿದಿರುತ್ತದೆ ಎಂದು ಅವನು ಮರಾಠಿಯಲ್ಲಿ ಸಮಾಧಾನವಾಗಿ ಬಿಡಿಸಿ ಹೇಳಿದ. ಸಪ್ಪಳದ ಕಾರಣ ಹುಡುಕುವುದು ನನ್ನ ಕಸುಬು; ಅವನ ಮಾತನ್ನು ಹಿಡಿದು ನಾನೂ ಸಾಕಷ್ಟು ಹುಡುಕಿದೆ. ಆದರೆ ಆ ಕಡಿತ ನನಗೆ ಮರೆತೇ ಹೋಗಿತ್ತು, ನಾನು ಬರೆದ ಯಾವುದರಲ್ಲೂ ಅದು ಇರಲಿಲ್ಲ. ತಾನಾಗಿ ಮೂಡುವ ಅಂಕಿಗೆ ನಮ್ಮ ಅಣ್ಣನ ಮುರಿದ ಹಲ್ಲು ಹೇಗೆ ಗೊತ್ತು?

ವೈನಿ ಊರಲ್ಲೇ ಇದ್ದಾಳೆ, ಕುರಿಯೂ ಇವೆ. ಹೋದ ಸಲ ಬಸ್ಸಿಗೆ ಕಳಿಸಲು ಬಂದವಳು ಕೇಳಿದಳು: "ಅದನ್ನ ಇನ್ನೊಮ್ಮೆ ಹಚ್ಚತೀಯೇನು? ಕುರಿಗಲ್ಲ. ನನಗ."

"ಈಗ ಅದರಾಗ ಇಲ್ರಿ ವೈನಿ. ನಾ ಬರದದ್ದೂ ಅಲ್ರಿ ಅದು" ಅಂದೆ.

"ನೀ ಬರೀಲಿಲ್ಲಂದ್ರ ಮತ್ತ ಯಾರು ಬರದ್ರು?"

ಅಷ್ಟರಲ್ಲಿ ಬಸ್ ಬಂತು, ಹತ್ತಿದೆ. ಗಡಹಿಂಗ್ಲಜ ಬರುವವರೆಗೂ ಕಿಟಕಿಗೆ ತಲೆ ಆನಿಸಿ ಏನು ಹೇಳಬೇಕಿತ್ತು ಎಂದು ಯೋಚಿಸಿದೆ.