ಆರು ಹೆಗಲು, ಎರಡು ಚಹಾ ಪಾತ್ರೆ

ಇನ್ನೂ ಬೆಳಕು ಹರಿದಿಲ್ಲ. ಯಾರ್ಕ್‌ಷೈರ್ ಕರಾವಳಿಯ ಪುಟ್ಟ ಊರು. ರಾಜಕೀಯ ಪಕ್ಷವೊಂದರ ಕ್ಲಬ್ಬಿನ ಅಡುಗೆಮನೆಯಲ್ಲಿ ಬೆರಿಲ್ ಪಿಕರ್ಸ್‌ಗಿಲ್ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಾರೆ. ಸದಸ್ಯರು ಯಾರೇ ಸತ್ತರೂ ಮಣ್ಣು ಮಾಡಿ ಬಂದವರಿಗೆ ಇಲ್ಲೇ ಚಹಾ, ಹಂದಿಮಾಂಸದ ಸ್ಯಾಂಡ್‌ವಿಚ್. ಮೂವತ್ತು ವರ್ಷದಿಂದ ಕ್ಲಬ್ಬಿನ ಕಸ ಗುಡಿಸುವುದೂ ಇವರೇ, ಸಾವಿನ ಚಹಾ ಕಾಯಿಸುವುದೂ ಇವರೇ. ಇವತ್ತಿನ ಸಾವು ಗಂಡ ವಿಲ್ಫ್‌ನದು. "ಬೇರೆಯವ್ರಿಗೆ ಬಿಟ್ರೆ ಬೆಣ್ಣೆ ದಪ್ಪ ಬಳೀತಾರೆ," ಎನ್ನುತ್ತಾರೆ, ತಲೆಯೆತ್ತದೆ.

ಪಕ್ಕದಲ್ಲಿ ಚಹಾ ಕಾಯಿಸುವ ಪಾತ್ರೆ ಎರಡಿವೆ. ಯುರೋಪಿನ ಒಕ್ಕೂಟ ಬಿಡಬೇಕೋ ಬೇಡವೋ ಎಂದು ಜನಮತ ಕೇಳಿದ ವರ್ಷ ಪಕ್ಷ ಒಳಗೊಳಗೇ ಸೀಳಿಹೋಯಿತು. ಬಿಡೋಣ ಎಂದವರು ಸ್ನೂಕರ್ ಕೋಣೆ ಹಿಡಿದರು, ಉಳಿಯೋಣ ಎಂದವರು ಮುಂದಿನ ಹಾಲ್. ಒಂದೇ ಪಾತ್ರೆಯ ಮುಂದೆ ಸಾಲು ನಿಲ್ಲಲು ಯಾರೂ ಒಪ್ಪಲಿಲ್ಲ. ಪೋಸ್ಟ್‌ಮ್ಯಾನ್ ಆಗಿದ್ದ ವಿಲ್ಫ್ ಮಾತ್ರ ಎರಡೂ ಬಣದ ಕರಪತ್ರ ಹಂಚಿದ. ತಾನು ಯಾವ ಕಡೆ ಮತ ಹಾಕಿದೆನೆಂದು ಹೆಂಡತಿಗೂ ಹೇಳಲಿಲ್ಲ.

ಸದಸ್ಯನ ಶವಪೆಟ್ಟಿಗೆಯನ್ನು ಕ್ಲಬ್ಬಿನ ಆರು ಜನ ಹೊರುವುದು ಇಲ್ಲಿನ ವಾಡಿಕೆ. ವಿಲ್ಫ್ ಕೊನೆಗೆ ಬೇಡಿದ್ದು ಅದೊಂದನ್ನೇ. ಬೆರಿಲ್ ಎರಡೂ ಕೋಣೆಗೆ ಹೋಗಿ ಅಲ್ಲಿ ಮೂವರನ್ನು, ಇಲ್ಲಿ ಮೂವರನ್ನು ಒಪ್ಪಿಸಿ ಬಂದಿದ್ದಾರೆ.

ಚರ್ಚಿನ ಗೇಟಿನಲ್ಲಿ ಆರೂ ಜನ ಕಪ್ಪು ಕೋಟು ತೊಟ್ಟು ನಿಂತಿದ್ದಾರೆ. ಹೊರುವವರು ಪೆಟ್ಟಿಗೆಯ ಅಡಿಯಲ್ಲಿ ಕೈ ಚಾಚಿ ಆಚೆ ಬದಿಯವನ ಹೆಗಲು ಬಳಸಿ ಹಿಡಿಯಬೇಕು, ಇಲ್ಲದಿದ್ದರೆ ಪೆಟ್ಟಿಗೆ ಜಾರುತ್ತದೆ. ಬಿಡೋಣ ಬಣದ ಅಧ್ಯಕ್ಷ ಕ್ಲಿಫರ್ಡ್ ಕೈ ಚಾಚುವುದಿಲ್ಲ.

"ತಪ್ಪು ತಿಳೀಬೇಡಮ್ಮ ಬೆರಿಲ್. ದೇಶ ಮುಳುಗಿಸ್ದೋನು ಅಂತ ನನ್ನ ಬೈದವನ ಹೆಗಲು ನಾನು ಮುಟ್ಟಲ್ಲ."

"ಮುಟ್ಬೇಡ ಬಿಡು ಮಾರಾಯ," ಎನ್ನುತ್ತಾನೆ ಅವನ ಜೋಡಿಗೆ ನಿಂತ, ಎದುರು ಬಣದ ಕಾರ್ಯದರ್ಶಿ ಡೆಸ್ಮಂಡ್. "ಬಿಟ್ಟು ಹೋಗೋದು ನಿಂಗೆ ಹೊಸದಾ?"

ಉಳಿದ ನಾಲ್ವರೂ ತಂತಮ್ಮ ಬಣದವನ ಪಕ್ಕಕ್ಕೆ ಸರಿಯುತ್ತಾರೆ. ಕೊನೆಗೆ ಶವಸಂಸ್ಕಾರದವರು ಚಕ್ರದ ಗಾಡಿ ತಳ್ಳಿಕೊಂಡು ಬರುತ್ತಾರೆ. ಜಲ್ಲಿಕಲ್ಲಿನ ಮೇಲೆ ಗಾಡಿ ಕುಲುಕುತ್ತ ಸಾಗುತ್ತದೆ. ಹೊರಬೇಕಾದ ಆರು ಜನ ದಾರಿಯ ಎರಡು ಅಂಚಿನಲ್ಲಿ ಹಿಂಬಾಲಿಸುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಎರಡೂ ಕೋಣೆಗಳ ತಟ್ಟೆ ಖಾಲಿ. ತಲೆಯ ಮೇಲಿನ ಕಪ್ಪು ಟೋಪಿಯನ್ನೂ ತೆಗೆಯದೆ ಬೆರಿಲ್ ಪಾತ್ರೆ ತಿಕ್ಕುತ್ತಿದ್ದಾರೆ, ಮೊದಲು ಒಂದು, ಆಮೇಲೆ ಇನ್ನೊಂದು.

"ನನ್ನ ಸರದಿಗೆ ಗಾಡೀನೇ ತನ್ನಿ ಅಂತ ಆ ಗಾಡಿಯವ್ರಿಗೆ ಹೇಳಿ ಬಂದೆ," ಎನ್ನುತ್ತಾರೆ. "ಚಹಾ ಮಾತ್ರ ಒಂದೇ ಪಾತ್ರೇಲಿ ಕಾಯಿಸ್ಲಿ. ಆವತ್ತು ತೊಳೆಯೋಕೆ ನಾನಿರಲ್ಲ."