ಜಾಮೀನಿಗೆ ಬೇಕಾದ ವಯಸ್ಸು

ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ ಮಧುಗಿರಿಗೆ ಮರಳಿದಾಗ ಯುದ್ಧ ಇನ್ನೂ ನಡೆಯುತ್ತಿತ್ತು. ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಸಕ್ಕರೆ ರೇಷನ್ ಚೀಟಿ ಇದ್ದವರಿಗೆ ಮಾತ್ರ. ಬಸ್ಸುಗಳು ಇದ್ದಲಿನ ಹೊಗೆಯಿಂದ ಓಡುತ್ತಿದ್ದವು. ನಮ್ಮ ತಂದೆ ವಕೀಲರು. ಅವರು ಕೋರ್ಟಿನಿಂದ ಬಂದು ಕೋಟನ್ನು ಗೂಟಕ್ಕೆ ಹಾಕುವಷ್ಟರಲ್ಲಿ ಜಗುಲಿಯ ಮೇಲೆ ನಾಲ್ಕು ಜನ ಸೇರಿರುತ್ತಿದ್ದರು. ಆ ಬೇಸಿಗೆಯಲ್ಲಿ ಅವರ ಮಾತೆಲ್ಲ ಒಂದೇ ವಿಷಯದ ಮೇಲೆ: ಹುಡುಗರು ಕೆಟ್ಟುಹೋದರು.

ಊರಲ್ಲಿ ಕಳ್ಳತನ ಹೆಚ್ಚಿತ್ತು, ಅದು ನಿಜ. ಅಂಗಡಿಯ ಬೀಗ ಮುರಿದದ್ದು, ಸಂತೆಯಲ್ಲಿ ಗಂಟು ಹಾರಿಸಿದ್ದು, ಸಿಕ್ಕಿಬಿದ್ದವರಲ್ಲಿ ಮೀಸೆ ಬಾರದವರೂ ಇದ್ದದ್ದು, ಎಲ್ಲವೂ ನಿಜ. ಕಾರಣ ಏನೆಂಬುದರಲ್ಲಿ ಮಾತ್ರ ಜಗುಲಿಗೆ ಒಮ್ಮತವಿರಲಿಲ್ಲ. ಮಗಳಾದ ನಾನು ಒಳಗಿನ ಕೋಣೆಯಲ್ಲಿ ಕುಳಿತು ತಂದೆಯವರ ಅರ್ಜಿಗಳ ನಕಲು ತೆಗೆಯುತ್ತಿದ್ದೆ. ಕಿಟಕಿ ಜಗುಲಿಯ ಕಡೆಗೇ ಇತ್ತು.

"ಮೊದಲು ಮನೆ ಮುಂದೆ ಪೊಲೀಸ್ನೋನು ನಿಂತ್ರೆ ಊರೇ ತಲೆ ತಗ್ಗಿಸ್ತಿತ್ತು," ಎನ್ನುತ್ತಿದ್ದರು ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೆ ನಮ್ಮ ತಾಲ್ಲೂಕಿನಿಂದ ಆರಿಸಿಹೋದ ಸದಸ್ಯರೊಬ್ಬರು. "ಈಗ ಜೈಲಿಗೆ ಹೋಗಿ ಬಂದೋನಿಗೆ ಹಾರ ಹಾಕ್ತೀರಿ. ಹುಡುಗ್ರು ನೋಡ್ತಾ ಇಲ್ವೇ?"

ಈ ಮಾತು ಖಾದಿ ಉಟ್ಟ ಒಬ್ಬ ಯುವಕನನ್ನು ಕುರಿತದ್ದು. ಸ್ವಾತಂತ್ರ್ಯ ಚಳವಳಿಯಲ್ಲಿ ಟೆಲಿಗ್ರಾಫ್ ತಂತಿ ಕತ್ತರಿಸಿ ಕೆಲವು ತಿಂಗಳು ಒಳಗಿದ್ದು ಬಂದವನು ಅವನು. "ನಾವು ಮಾಡಿದ್ದು ದೇಶಕ್ಕೋಸ್ಕರ ಸ್ವಾಮಿ," ಎಂದ.

"ನೀನು ತಂತಿ ಕತ್ತರಿಸಿದ ಕತ್ತರೀಲೇ ಈಗ ಅವ್ರು ಮೂಟೆ ಹರೀತಿದಾರೆ ಕಣಯ್ಯ!"

ನಿವೃತ್ತ ಮೇಷ್ಟ್ರೊಬ್ಬರು ಎಲ್ಲದಕ್ಕೂ ಟೆಂಟ್ ಸಿನಿಮಾವನ್ನೇ ದೂರುತ್ತಿದ್ದರು. ಯುವಕ ತಿರುಗಿ, "ಮೇಷ್ಟ್ರೇ, ಹೋದ ವಾರ ನೀವೂ ಬೆಂಚಿನ ಮೇಲೆ ಕೂತಿದ್ರಲ್ಲ?" ಎಂದಾಗ, "ಪರೀಕ್ಷೆ ಮಾಡೋಕೆ ಹೋಗಿದ್ದೆ ಕಣಯ್ಯ. ರೋಗ ನೋಡದೆ ಔಷಧಿ ಹೇಳೋಕಾಗುತ್ತೇನು?" ಎಂದರು. ನಮ್ಮ ತಂದೆಯವರೂ ನಕ್ಕದ್ದು ಕೇಳಿಸಿತು.

ನಗುವಿನಲ್ಲಿಯೇ ಮುಗಿದಿದ್ದರೆ ಚೆನ್ನಾಗಿತ್ತು. ಸದಸ್ಯರು ಊರಲ್ಲಿ ಒಂದು ಸಾರ್ವಜನಿಕ ಸಭೆ ಕರೆದರು. ಕದ್ದು ಸಿಕ್ಕಿಬಿದ್ದ ಹುಡುಗರಿಗೆ ಜಾಮೀನು ಕೊಡಬಾರದು, ಹದಿನಾರು ತುಂಬದವರನ್ನೆಲ್ಲ ಬೆಂಗಳೂರಿನ ಸುಧಾರಣಾ ಶಾಲೆಗೆ ಕಳಿಸಿ ದೊಡ್ಡವರಾಗುವ ತನಕ ಅಲ್ಲಿಯೇ ಇಡಬೇಕು ಎಂದು ನಿರ್ಣಯವಾಯಿತು. ಪ್ರಜಾಪ್ರತಿನಿಧಿ ಸಭೆಯ ದಸರಾ ಅಧಿವೇಶನದಲ್ಲಿ ತಾವೇ ಇದನ್ನು ಎತ್ತುವುದಾಗಿ ಸದಸ್ಯರು ಹೇಳಿದರು. ಚಪ್ಪಾಳೆಯಾಯಿತಂತೆ. ಒಂದು ಊರಿನ ಸಭೆಯ ನಿರ್ಣಯಕ್ಕೆ ಯಾವ ಬಲವೂ ಇಲ್ಲವೆಂಬುದು ತಂದೆಯವರಿಗೂ ಗೊತ್ತಿತ್ತು, ಸದಸ್ಯರಿಗೂ ಗೊತ್ತಿತ್ತು. ಆದರೂ ಸದಸ್ಯರು ಅದನ್ನು ಸುತ್ತಲ ಹಳ್ಳಿಗಳಲ್ಲಿ ತಮಟೆ ಹೊಡೆಸಿ ಸಾರಿಸಿದರು.

ಇದಾದ ಸ್ವಲ್ಪ ದಿನಕ್ಕೆ ದೊಡ್ಡೇರಿ ಕಡೆಯ ಒಂದು ಹಳ್ಳಿಯಿಂದ ಒಬ್ಬ ಹೆಂಗಸು ನಮ್ಮ ಮನೆಗೆ ಬಂದಳು. ಗಂಡ ಸತ್ತವಳು, ಕಡಲೆಕಾಯಿ ಬಿಡಿಸುವ ಕೂಲಿ ಮಾಡುತ್ತಿದ್ದಳು. ಒಬ್ಬನೇ ಮಗ. ಯುದ್ಧಕಾಲದ ಕಡ್ಡಾಯ ವಸೂಲಿಯಲ್ಲಿ ಆ ಹಳ್ಳಿಯ ರಾಗಿಯನ್ನು ಗಾಡಿಗಳಲ್ಲಿ ತುಂಬಿ ಮಧುಗಿರಿಯ ಉಗ್ರಾಣಕ್ಕೆ ತರುತ್ತಿದ್ದರು. ಅಂಥ ಒಂದು ಗಾಡಿ ಹೊಡೆಯುವ ಕೆಲಸಕ್ಕೆ ಈ ಹುಡುಗನೂ ಹೋಗಿದ್ದ. ದಾರಿಯಲ್ಲಿ, ಕೆರೆ ಏರಿಯ ತಿರುವಿನಲ್ಲಿ, ದೊಡ್ಡವರಿಬ್ಬರು ಕದ್ದು ಮೂಟೆ ಇಳಿಸಿದರು. ಇವನೂ ಕೈ ಹಚ್ಚಿದ. ಮೂವರೂ ಸಿಕ್ಕಿಬಿದ್ದು ತಾಲ್ಲೂಕು ಲಾಕಪ್ಪಿನಲ್ಲಿ ಒಂದೇ ಕೋಣೆಯಲ್ಲಿದ್ದರು. ಆ ದೊಡ್ಡವರಿಬ್ಬರೂ ಹಿಂದೆ ಸಜೆಯಾಗಿ ಬಂದವರು.

"ಮೂಟೆ ಇಳ್ಸಿದ್ದು ದಿಟವೇ ಬುದ್ದಿ," ಎಂದಳು ಆಕೆ, ಕಂಬದ ಪಕ್ಕ ಕೂತು. "ಹೆಂಗಾನ ಮಾಡಿ ಬುಡಿಸ್ಕೊಡಿ. ಅವ್ರ ಜೊತೇಲಿ ಇದ್ರೆ ನನ್ನ ಮಗ ನನ್ನ ಮಗನಾಗಿ ಉಳಿಯಾಕಿಲ್ಲ."

ತಂದೆಯವರು ಆಕೆಯನ್ನು ಅಲ್ಲಿಯೇ ಕೂರಿಸಿ, ಆಗಲೇ ಲಾಕಪ್ಪಿಗೆ ಹೋಗಿ ಹುಡುಗನನ್ನು ನೋಡಿ ಬಂದರು. ಪೊಲೀಸರ ಕಾಗದದಲ್ಲಿ ವಯಸ್ಸು ಹತ್ತೊಂಬತ್ತು ಎಂದಿತ್ತು. ಹುಡುಗನಿಗೆ ಹದಿನೈದಕ್ಕಿಂತ ಹೆಚ್ಚಿರಲು ಸಾಧ್ಯವಿಲ್ಲ ಎಂದು ಅವರಿಗೆ ಖಚಿತವಾಗಿತ್ತು. ಹದಿನಾರು ತುಂಬದವನೆಂದು ತೋರಿಸಿದರೆ ಜಾಮೀನು ಕೇಳಲು ದಾರಿ ಸುಲಭ. ಪೊಲೀಸರು ಬೇಕೆಂದೇ ವಯಸ್ಸು ಏರಿಸಿದ್ದಾರೆ, ಕೋರ್ಟಿನಲ್ಲಿ ಅವರನ್ನು ಹಿಡಿಯುತ್ತೇನೆ ಎಂದು ಅವರು ಉತ್ಸಾಹದಲ್ಲಿದ್ದರು.

"ನಿನ್ನ ಮಗನಿಗೆ ವಯಸ್ಸೆಷ್ಟಮ್ಮ?"

"ಹತ್ತೊಂಬತ್ತು ತುಂಬೈತೆ ಬುದ್ದಿ."

"ಸರಿಯಾಗಿ ನೆನಪು ಮಾಡ್ಕೊ."

"ಹತ್ತೊಂಬತ್ತೇ. ಮದ್ವೆಗೆ ಹೆಣ್ಣು ನೋಡ್ತಾ ಇವ್ನಿ."

ತಂದೆಯವರು ಮತ್ತೆ ಮತ್ತೆ ಕೇಳಿದರು. ಗದರಿದರು ಕೂಡ. ಆಕೆ ಹತ್ತೊಂಬತ್ತರಿಂದ ಇಳಿಯಲಿಲ್ಲ. ಕೊನೆಗೆ ಅವರು ನನ್ನನ್ನು ಕರೆದು, "ನೀನು ಸ್ವಲ್ಪ ಮಾತಾಡಿ ನೋಡಮ್ಮ. ಇವಳು ನನ್ನ ಹತ್ತಿರ ಹೇಳೋಳಲ್ಲ," ಎಂದರು. ಅಪರಿಚಿತರೊಡನೆ ಮಾತಾಡುವುದು ನನಗೆ ಆಗಲೂ ಕಷ್ಟ, ಈಗಲೂ ಕಷ್ಟ. ಆಕೆಯನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಮಜ್ಜಿಗೆ ಕೊಟ್ಟು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಾನೂ ಕೂತೆ. ಮಾತು ಶುರು ಮಾಡಿದವಳು ಆಕೆಯೇ.

"ನಿಂಗೆ ಮದ್ವೆ ಆಗೈತೇನವ್ವ?"

"ಇಲ್ಲ."

"ಅಷ್ಟೊಂದು ಓದಿಸಿದ್ರೆ ಗಂಡು ಎಲ್ ಸಿಕ್ತದೆ, ಬುಡು," ಎಂದು ಮಜ್ಜಿಗೆ ಕುಡಿದು ಲೋಟ ಬೋರಲು ಹಾಕಿದಳು. ನನಗೆ ಸಿಟ್ಟು ಬರಲಿಲ್ಲ. ನಮ್ಮ ನೆಂಟರು ಇದನ್ನೇ ಇನ್ನೂ ಸುತ್ತುಬಳಸಿ ಹೇಳುತ್ತಿದ್ದರು.

ಹುಡುಗ ಹುಟ್ಟಿದಾಗ ಊರಲ್ಲಿ ಏನು ನಡೆದಿತ್ತು ಎಂದು ಕೇಳಿದೆ. ನಮ್ಮ ಸೀಮೆಯ ಹಳ್ಳಿಗಳಲ್ಲಿ ವಯಸ್ಸನ್ನು ಅಂಕಿಯಲ್ಲಿ ಯಾರೂ ಇಟ್ಟುಕೊಳ್ಳುವುದಿಲ್ಲ. ಕೆರೆ ಕೋಡಿ ಬಿದ್ದ ವರ್ಷ, ಊರು ಖಾಲಿ ಮಾಡಿ ಗುಡಿಸಲು ಹಾಕಿದ ಪ್ಲೇಗಿನ ವರ್ಷ, ಹೀಗೆ. ಹತ್ತೊಂಬತ್ತು ಎಂದು ಇಷ್ಟು ಗಟ್ಟಿಯಾಗಿ ಹೇಳುವವಳು ಆ ಅಂಕಿಯನ್ನು ಎಲ್ಲಿಂದಲೋ ತಂದಿದ್ದಾಳೆ ಎಂದು ನನಗೆ ಅನ್ನಿಸಿತ್ತು. ಆಕೆ ಒಮ್ಮೆ ಜಗುಲಿಯ ಕಡೆ ನೋಡಿ ದನಿ ತಗ್ಗಿಸಿದಳು.

"ನಮ್ಮೂರ್ಗೆ ತಮ್ಟೆ ಬಂತು ಕಣವ್ವ. ಕದ್ದ ಹುಡುಗ್ರು ಚಿಕ್ಕೋರಾದ್ರೆ ಬೆಂಗ್ಳೂರಿಗೆ ಒಯ್ತಾರಂತೆ, ದೊಡ್ಡೋರಾಗೋ ಗಂಟ ಬುಡಾಕಿಲ್ವಂತೆ. ಸರ್ಕಾರದ ಹುಕುಂ."

"ಅದು ಸರ್ಕಾರದ ಹುಕುಂ ಅಲ್ಲ. ಇಲ್ಲಿನ ಒಂದು ಸಭೆ ಹಾಗೆ ಹೇಳಿತು, ಅಷ್ಟೆ."

"ಸರ್ಕಾರದ್ದಲ್ದಿದ್ರೆ ತಮ್ಟೆ ಯಾಕ್ ಹೊಡೀತಾರೆ?"

ಕಂದಾಯ ಕಟ್ಟಿ ಎಂದು, ರಾಗಿ ಅಳೆಯಿರಿ ಎಂದು, ಸಿಡುಬಿನ ಲಸಿಕೆ ಚುಚ್ಚಿಸಿಕೊಳ್ಳಿ ಎಂದು ಬಂದದ್ದೆಲ್ಲ ಅದೇ ತಮಟೆಯಲ್ಲಿ. ಯಾವುದೂ ಸುಳ್ಳಾಗಿರಲಿಲ್ಲ.

ಪೊಲೀಸರು ಹುಡುಕಿಕೊಂಡು ಬರುತ್ತಾರೆಂದು ತಿಳಿದಾಗ ಆಕೆ ಮಗನ ತಲೆಗೆ ಸತ್ತ ಗಂಡನ ರುಮಾಲು ಸುತ್ತಿದ್ದಳು. ಗಂಟಲು ದಪ್ಪ ಮಾಡಿ ಮಾತಾಡು, ಕೇಳಿದರೆ ಹತ್ತೊಂಬತ್ತು ಅನ್ನು ಎಂದು ಹೇಳಿಕೊಟ್ಟಿದ್ದಳು. ಪೊಲೀಸರು ತಾವಾಗಿ ಏನನ್ನೂ ಏರಿಸಿರಲಿಲ್ಲ. ತಾಯಿ ಮಗ ಹೇಳಿದ್ದನ್ನು ಬರೆದುಕೊಂಡಿದ್ದರು, ಅಷ್ಟೆ.

"ದೊಡ್ಡೋನಾದ್ರೆ ಆರ್ ತಿಂಗ್ಳು ಸಜಾ, ಆಮ್ಯಾಕೆ ಮನೆ. ಚಿಕ್ಕೋನಾದ್ರೆ ವರ್ಸಗಟ್ಲೆ. ನಂಗೂ ಲೆಕ್ಕ ಬತ್ತದೆ ಕಣವ್ವ."

ಲೆಕ್ಕ ತಪ್ಪಿರಲಿಲ್ಲ. ನನ್ನನ್ನು ಕಟ್ಟಿಹಾಕಿದ್ದು ಅದೇ. ನಿರ್ಣಯಕ್ಕೆ ಬಲವಿಲ್ಲದಿದ್ದರೂ ಬೆಂಗಳೂರಿನ ಶಾಲೆ ಇದ್ದದ್ದು ನಿಜ, ಅಲ್ಲಿಗೆ ಕಳಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಇದ್ದದ್ದೂ ನಿಜ. ನಿಜವಾದ ವಯಸ್ಸು ಹೇಳಿದರೆ ಹುಡುಗ ಈಗ ಲಾಕಪ್ಪಿನಿಂದ ಹೊರಬರಬಹುದು. ಮುಂದೆ ಶಾಲೆಯ ಭಯ. ಹತ್ತೊಂಬತ್ತರಲ್ಲೇ ನಿಂತರೆ ಬೇಗ ಮುಗಿಯಬಹುದು. ಆದರೆ ಅಲ್ಲಿಯವರೆಗೆ ಆ ಇಬ್ಬರ ಜೊತೆ, ಆಮೇಲೆ ಅಂಥವರೇ ತುಂಬಿದ ಜೈಲಿನಲ್ಲಿ. ನಾನು ಇಷ್ಟನ್ನೂ ಆಕೆಗೆ ಬಿಡಿಸಿ ಹೇಳಿದೆ.

"ದಿಟ ಹೇಳಿದ್ರೆ ಇಸ್ಕೂಲಿಗೆ ಕಳ್ಸಾಕಿಲ್ಲ ಅಂತ ಮಾತು ಕೊಡ್ತೀಯಾ?"

"ಗೊತ್ತಿಲ್ಲ. ಮಾತು ಕೊಡಲಾರೆ."

ಆಕೆ ನನ್ನ ಮುಖ ನೋಡಿ ಸಣ್ಣಗೆ ನಕ್ಕಳು. "ವಕೀಲ್ರ ಮನೇಲಿ ಗೊತ್ತಿಲ್ಲ ಅನ್ನೋರ್ನ ಇವತ್ತೇ ಕಂಡಿದ್ದು." ಎದ್ದು ಸೀರೆಯ ಧೂಳು ಕೊಡವಿಕೊಂಡಳು. "ಮೊದ್ಲು ಅವ್ರ ತಾವಿಂದ ಈಚೆ ಬರ್ಲಿ. ಮುಂದಿಂದು ಮುಂದೆ. ನೀನೂ ಕೋರ್ಟಿಗೆ ಬಾ ಅತ್ಲಾಗೆ. ಅಷ್ಟೊಂದು ಗಂಡಸ್ರ ನಡುವೆ ನಂಗೆ ಬಾಯೇ ಬರಾಕಿಲ್ಲ."

ಕೋರ್ಟು ಹೆಣ್ಣುಮಕ್ಕಳು ಹೋಗುವ ಜಾಗವಾಗಿರಲಿಲ್ಲ. ತಂದೆಯವರು ಸ್ವಲ್ಪ ಯೋಚಿಸಿ ಒಪ್ಪಿದರು. ನಾನು ಒಳಗೆ ಹೋಗದೆ ಕೋರ್ಟಿನ ಜಗುಲಿಯಲ್ಲಿ, ಕಿಟಕಿಯ ಬಳಿ ನಿಂತೆ. ಮೂವರನ್ನೂ ಕರೆತಂದರು. ಹುಡುಗನ ತಲೆಯ ಮೇಲೆ ಆ ರುಮಾಲು ಇನ್ನೂ ಇತ್ತು. ಅದು ಕಿವಿಯ ಮೇಲೆ ಜಾರಿ ಬರುತ್ತಿತ್ತು, ಅವನು ತೋಳಿನಿಂದ ಮೇಲಕ್ಕೆ ತಳ್ಳಿಕೊಳ್ಳುತ್ತಿದ್ದ.

ತಾಯಿ ಹದಿನೈದು ಎಂದಳು. ಸಿಡುಬು ಬಂದು ಊರ ದನದ ಜಾತ್ರೆ ನಿಂತುಹೋದ ವರ್ಷ ಹುಟ್ಟಿದವನು ಎಂದಳು. ಅದನ್ನು ಹೌದೆನ್ನಲು ಹಳ್ಳಿಯ ಪಟೇಲರೂ ಬಂದಿದ್ದರು.

"ಮೊದಲು ಹತ್ತೊಂಬತ್ತು ಅಂತ ಯಾಕೆ ಹೇಳಿದೆ?" ಎಂದು ಮ್ಯಾಜಿಸ್ಟ್ರೇಟರು ಕೇಳಿದರು.

"ತಮ್ಟೆ ಕೇಳಿ ಸ್ವಾಮಿ."

ಕೋರ್ಟಿನಲ್ಲಿ ನಗು. ಸದಸ್ಯರೂ ಅಲ್ಲಿ ಬೆಂಚಿನ ಮೇಲೆ ಕೂತಿದ್ದರು, ಅವರು ನಗಲಿಲ್ಲ. ರುಮಾಲು ತೆಗೆ ಎಂದು ಮ್ಯಾಜಿಸ್ಟ್ರೇಟರು ಹುಡುಗನಿಗೆ ಹೇಳಿದರು. ಅವನು ತಾಯಿಯ ಕಡೆ ನೋಡಿದ. ಆಕೆ ತಲೆಯಾಡಿಸಿದ ಮೇಲೆ ತೆಗೆದ. ಆ ಮೇಲೆ ವಯಸ್ಸಿನ ಬಗ್ಗೆ ಯಾರೂ ಪ್ರಶ್ನೆ ಎತ್ತಲಿಲ್ಲ. ಪಟೇಲರು ಜಾಮೀನು ನಿಂತರು. ಆ ಸಂಜೆಯೇ ತಾಯಿ ಮಗ ನಡೆದುಕೊಂಡು ಊರಿಗೆ ಹೋದರು.

ಜಗುಲಿಯಲ್ಲಿ ಅದರ ಮೇಲೆ ಹಲವು ದಿನ ಚರ್ಚೆ ನಡೆಯಿತು. ಸದಸ್ಯರು ಸ್ವಲ್ಪ ಕಾಲ ಬರುವುದನ್ನೇ ಬಿಟ್ಟರು. ಜಾಮೀನೆಂದರೆ ಕಳ್ಳರಿಗೆ ಕೊಡುವ ರಜೆ ಎಂದು ಬೇರೆಡೆ ಹೇಳಿದರಂತೆ. ಖಾದಿಯ ಯುವಕ, "ಅವರ ರಾಗಿ ಅವರೇ ಇಳಿಸ್ಕೊಂಡ್ರು, ಅದೂ ಒಂದು ಚಳವಳಿಯೇ," ಎಂದ. ಮೇಷ್ಟ್ರು, "ಹಾಗಾದ್ರೆ ನಾಳೆ ನಿಮ್ಮನೆ ಕಣಜದಲ್ಲೂ ಚಳವಳಿ ಮಾಡಿಸೋಣವೇ?" ಎಂದರು. ಹುಡುಗನ ಪರವಾಗಿ ಮಾತಾಡಿದವರೂ ವಿರುದ್ಧವಾಗಿ ಮಾತಾಡಿದವರೂ ಒಂದೇ ಬಟ್ಟಲಿನಿಂದ ಅಡಿಕೆ ತೆಗೆದುಕೊಳ್ಳುತ್ತಿದ್ದರು. ತಂದೆಯವರನ್ನು ಬಿಟ್ಟರೆ ಅವರಲ್ಲಿ ಒಬ್ಬರೂ ಅವನ ಮುಖ ನೋಡಿರಲಿಲ್ಲ. ನಾನು ಕಿಟಕಿ ಮುಚ್ಚಿಕೊಂಡು ಕೆಲಸ ಮಾಡಲು ಕಲಿತೆ. ಸೆಕೆ ಹೆಚ್ಚು, ಆದರೂ.

ಮಳೆಗಾಲ ಮುಗಿಯುವ ಹೊತ್ತಿಗೆ ಮೊಕದ್ದಮೆ ತೀರ್ಮಾನವಾಯಿತು. ದೊಡ್ಡವರಿಬ್ಬರಿಗೆ ಕೆಲವು ತಿಂಗಳ ಸಜೆ. ಹುಡುಗನನ್ನು ಹದಿನೆಂಟು ತುಂಬುವವರೆಗೆ ಬೆಂಗಳೂರಿನ ಶಾಲೆಯಲ್ಲಿಡಬೇಕೆಂದು ಆಜ್ಞೆ. ಪಟೇಲರ ಮೇಲ್ವಿಚಾರಣೆಯಲ್ಲಿ ಊರಲ್ಲೇ ಬಿಡಿ ಎಂದು ತಂದೆಯವರು ಕೇಳಿದ್ದರು; ಕಾಲ ಕೆಟ್ಟಿದೆ, ಜನರ ಭಾವನೆಯನ್ನೂ ನೋಡಬೇಕಾಗುತ್ತದೆ ಎಂಬ ಉತ್ತರ ಬಂತಂತೆ. ಮನೆಗೆ ಬಂದು ಅವರು, "ಬಡಗಿ ಕೆಲಸ ಕಲಿಸ್ತಾರೆ, ಹೊಟ್ಟೆಗೆ ಊಟ ಹಾಕ್ತಾರೆ. ಜೈಲಿಗಿಂತ ವಾಸಿ," ಎಂದರು. ಅದು ನನಗೆ ಹೇಳಿದ ಮಾತಲ್ಲವೆಂದು ಗೊತ್ತಿತ್ತು. ನಾನು ಊಟಕ್ಕೆ ಎಲೆ ಹಾಕಿದೆ.

ಅವನನ್ನು ಕಳಿಸುವ ದಿನ ತಾಯಿ ಮೊದಲು ನಮ್ಮ ಮನೆಗೆ ಬಂದಳು. ನನ್ನನ್ನು ಬಯ್ಯುತ್ತಾಳೆಂದುಕೊಂಡೆ. ಬಯ್ಯಲಿಲ್ಲ. ಬಸ್ಸು ನಿಲ್ಲುವ ಜಾಗದ ತನಕ ಬಾ ಎಂದಳು, ಅಷ್ಟೆ. ಹೋದೆವು. ಹುಡುಗನ ಜೊತೆಗೆ ಒಬ್ಬ ಕಾನ್‌ಸ್ಟೇಬಲ್ ಇದ್ದ, ವಯಸ್ಸಾದವನು. ಬೇಸಿಗೆಯಿಂದ ಈಚೆಗೆ ಹುಡುಗ ಉದ್ದವಾಗಿದ್ದ. ತಾಯಿ ಹುರಿಹಿಟ್ಟಿನ ಗಂಟನ್ನು ಅವನ ಕೈಗಿಟ್ಟು ಕಾನ್‌ಸ್ಟೇಬಲನ ಕಡೆ ತಿರುಗಿದಳು.

"ಅಣ್ಣಾ, ಕಿಟಕಿ ತಾವ ಕೂರಿಸ್ಕಳಪ್ಪ. ಹುಡ್ಗ ಇನ್ನೂ ಚಿಕ್ಕೋನು. ಬಸ್ಸು ಹತ್ತಿದ್ದೇ ಇಲ್ಲ."

"ಕಿಟಕಿ ತಾವ ಕೂರಿಸಿದ್ರೆ ಹಾರ್ಕಂಡು ಹೋಗ್ಬುಡ್ತಾನೆ ಕಣಮ್ಮ. ಆಮೇಲೆ ಆ ಇಸ್ಕೂಲಿಗೆ ನಾನು ಸೇರ್ಕೋಬೇಕಾಯ್ತದೆ," ಎಂದ ಆತ. ಆದರೂ ಕಿಟಕಿಯ ಪಕ್ಕಕ್ಕೇ ಕೂರಿಸಿದ.

ಇದ್ದಲಿನ ಬಸ್ಸು ಹೊರಡಲಿಲ್ಲ. ಕ್ಲೀನರ್ ಇದ್ದಲ ಒಲೆಗೆ ಗಾಳಿ ಊದುವ ಚಕ್ರ ತಿರುಗಿಸಿ ತಿರುಗಿಸಿ ಸೋತು, ಗಂಡಸರೆಲ್ಲ ಇಳಿದು ತಳ್ಳಬೇಕೆಂದ. ಎಲ್ಲರೂ ಗೊಣಗುತ್ತ ಇಳಿದರು. ಕಾನ್‌ಸ್ಟೇಬಲ್ ಸೊಂಟ ನೋವೆಂದು ಕೈಯಿಟ್ಟುಕೊಂಡು ಒಳಗೇ ಉಳಿದು, ಹುಡುಗನಿಗೆ ಇಳಿ ಎಂದು ಸನ್ನೆ ಮಾಡಿದ. ಹುಡುಗ ಗಂಟನ್ನು ಸೀಟಿನ ಮೇಲಿಟ್ಟು ಇಳಿದು, ಹಿಂದುಗಡೆ ಎಲ್ಲರಿಗಿಂತ ಕೆಳಗೆ ಬಾಗಿ ಭುಜ ಕೊಟ್ಟ. ಬಸ್ಸು ಕೆಮ್ಮಿ ಹೊಗೆ ಬಿಟ್ಟು ಚಲಿಸಿತು. ತಳ್ಳಿದವರು ಒಬ್ಬೊಬ್ಬರಾಗಿ ಓಡಿ ಹತ್ತಿಕೊಂಡರು. ಹುಡುಗ ಹಿಂದೆ ಉಳಿದ.

ಒಂದು ಕ್ಷಣ ರಸ್ತೆಯ ಮೇಲೆ ಅವನೊಬ್ಬನೇ ಇದ್ದ. ಅವನನ್ನು ಹಿಡಿದವರು ಯಾರೂ ಇರಲಿಲ್ಲ.

"ಓಡ್ಲಾ! ಹತ್ಕಳ್ಲಾ, ಬಸ್ಸು ಹೊಂಟೋಯ್ತದೆ!" ಎಂದು ತಾಯಿ ಕೂಗಿದಳು.

ಅವನು ಓಡಿದ. ಬಾಗಿಲ ಕಂಬಿ ಹಿಡಿದು ಹತ್ತಿದ. ಒಳಗಿನಿಂದ ಯಾರೋ ತೋಳು ಹಿಡಿದು ಎಳೆದುಕೊಂಡರು.