ಮೂಲೆಯ ಹಿಡಿ ಜೋಳ

ಬೆಳಗಿನ ರೊಟ್ಟಿ ಬಡಿಯುವ ಸದ್ದು ನಿಂತ ಮೇಲೆ ತಿಕೋಟಾದ ಆ ಓಣಿಯಲ್ಲಿ ಪಿಂಜಾರ ಪೀರಸಾಬನ ಬಿಲ್ಲಿನ ದನಿ ಏಳುತ್ತಿತ್ತು. ಟಂಯ್, ಟಂಯ್, ನಡುವೆ ಒಂದು ಉಸಿರಿನಷ್ಟು ಬಿಡುವು, ಮತ್ತೆ ಟಂಯ್. ಹೆಪ್ಪುಗಟ್ಟಿದ ಹಳೆಯ ಹತ್ತಿ ಬಿಲ್ಲಿನ ನರದ ಹೊಡೆತಕ್ಕೆ ಬಿಚ್ಚಿಕೊಂಡು ಹಗುರಾಗಿ ಮೇಲೇಳುತ್ತಿತ್ತು. ಗಂಡ ಹಿಂಜಿದ ಹತ್ತಿಯನ್ನು ಹೆಂಡತಿ ಮಾಸುಮಬಿ ಬಟ್ಟೆಯ ಖೋಳಕ್ಕೆ ತುಂಬಿ, ದಬ್ಬಣದಿಂದ ಗಾದಿ ಹೊಲಿಯುತ್ತಿದ್ದಳು. ಆ ಮನೆಯಲ್ಲಿ ಮಾತಿಗಿಂತ ಹತ್ತಿಯೇ ಹೆಚ್ಚು ಹಾರಾಡುತ್ತಿತ್ತು. ಮಕ್ಕಳಿರಲಿಲ್ಲ. ಇಬ್ಬರೇ ಇದ್ದರೂ ಬಿಲ್ಲಿನ ದನಿ ಮನೆಯನ್ನು ತುಂಬಿಕೊಂಡಿರುತ್ತಿತ್ತು.

ಕನ್ನಡದ ಸೀಮೆಗಳೆಲ್ಲ ಒಂದು ರಾಜ್ಯವಾದ ಮರುವರ್ಷ ಪೀರಸಾಬ ತೀರಿಕೊಂಡ. ಎದೆಯೊಳಗೆ ಹತ್ತಿಯ ಧೂಳು ಕೂತಿದೆ ಎಂದು ಡಾಕ್ಟರು ಹೇಳಿದ್ದರು. ಸೊಲ್ಲಾಪುರದ ದವಾಖಾನೆಯೊಂದರಲ್ಲಿ, ಯಾರೋ ಹೊಲಿದ ಗಾದಿಯ ಮೇಲೆ ಮಲಗಿದ್ದ ಅವನು ಎರಡು ದಿನ ಏನೂ ಮುಟ್ಟಿರಲಿಲ್ಲ. ಮೂರನೆಯ ದಿನ "ರೊಟ್ಟಿ ತಿಂತೀನಿ" ಎಂದ. ಮಾಸುಮಬಿ ಪರಿಚಯದವರ ಮನೆಗೆ ಓಡಿ, ಒಲೆ ಬೇಡಿ, ರೊಟ್ಟಿ ಸುಟ್ಟು ತಂದಳು. ಆಕೆ ಬರುವಷ್ಟರಲ್ಲಿ ಮಂಚದ ಮೇಲೆ ಮುಖಕ್ಕೆ ಬಟ್ಟೆ ಎಳೆದಿದ್ದರು. ರೊಟ್ಟಿಯ ಗಂಟನ್ನು ಆಕೆ ಬಿಚ್ಚಲೇ ಇಲ್ಲ.

ಗಂಡ ಸತ್ತವಳು ಮನೆಯೊಳಗೇ ಕಳೆಯಬೇಕಾದ ಇದ್ದತ್ತಿನ ದಿನಗಳು ಮುಗಿದ ಮೇಲೆ ಒಂದು ಮುಂಜಾನೆ ಆಕೆ ತಾನೇ ಬಿಲ್ಲು ಇಳಿಸಿಕೊಂಡಳು. ಮೊದಲ ದಿನ ಅದು ಅಪಸ್ವರದಲ್ಲಿ ಕೂಗಿತು. ತೋಳು ಬಾತವು. ಕೆಲವು ವಾರಗಳ ಮೇಲೆ ಹತ್ತಿ ಮೊದಲಿನಂತೆ ಬಿಚ್ಚಿಕೊಂಡಿತು. ಆದರೆ ಊರು ಬಿಚ್ಚಿಕೊಳ್ಳಲಿಲ್ಲ.

"ಗಂಡಸರ ಬಿಲ್ಲು ಹೆಂಗಸು ಹಿಡದ್ರ ಹತ್ತಿ ಹಾರೂದಿಲ್ಲಬೇ, ಮಾನ ಹಾರ್ತೈತಿ" ಎಂದು ಬಾವಿಕಟ್ಟೆಯಲ್ಲಿ ಒಬ್ಬಾಕೆ ಅಂದಳು. ಉಳಿದವರು ಕೊಡದಲ್ಲಿ ಮುಖ ಇಟ್ಟುಕೊಂಡು ನಕ್ಕರು. ಗಾದಿ ಮಾಡಿಸುವುದೇ ಮದುವೆಗೆ. ಮದುವೆಯ ಗಾದಿಗೆ ಗಂಡ ಸತ್ತವಳ ಕೈ ಆಗದು. ಹಳೆಯ ಗಾದಿ ಬಿಚ್ಚಿ ಹಿಂಜಿಸಲು ಬರುವವರು ಕೂಡ ಕಡಿಮೆಯಾದರು.

ಬಬಲೇಶ್ವರದಿಂದ ಮೈದುನ ಸೈಫುದ್ದೀನ ಬಂದ. ಕೆಟ್ಟವನಲ್ಲ. ಬರುವಾಗ ಬೆಲ್ಲದ ಅಚ್ಚು ತಂದಿದ್ದ. ಗೋಡೆಯ ಮೇಲಿನ ಬಿಲ್ಲನ್ನು ನೋಡುತ್ತಲೇ ಮಾತು ತೆಗೆದ.

"ಭಾಬಿ, ಒಬ್ಬಾಕಿನ ಎಷ್ಟ ದಿನ ಇರ್ತಿ? ನಮ್ಮ ಮನಿಗಿ ನಡಿ. ಒಲಿ ಮುಂದ ಒಂದು ಕೈ ಹೆಚ್ಚಾದ್ರ ನಮ್ಮಾಕಿ ಬ್ಯಾಡ ಅನ್ನೂದಿಲ್ಲ."

"ಬಿಲ್ಲು?"

"ಬಿಲ್ಲು ನಾ ಹೊಡೀತೀನಿ. ಅದು ನಮ್ಮ ಅಪ್ಪಂದು. ಇಲ್ಲಿ ಗ್ವಾಡಿಗಿ ಜೋತಾಡಿ ನರ ಒಣಗಿ ಹೋಗ್ತೈತಿ."

ಮಾಸುಮಬಿಗೆ ಆ ಮನೆ ಗೊತ್ತಿತ್ತು. ಒಲೆಯ ಪಕ್ಕದ ಮೂಲೆ, ಸುತ್ತಿಟ್ಟ ಚಾಪೆ, ಮಕ್ಕಳು ಉಂಡೆದ್ದ ಮೇಲೆ ಸಿಗುವ ತಾಟು. ಅನ್ನಕ್ಕೆ ಕೊರತೆಯಿರಲಿಕ್ಕಿಲ್ಲ. ಆದರೆ ಬೆಳಗ್ಗೆ ಎದ್ದು ತನ್ನದೆಂದು ಕೈಗೆತ್ತಿಕೊಳ್ಳಲು ಅಲ್ಲಿ ಏನೂ ಇರುವುದಿಲ್ಲ. ಆಕೆ ಚಹಕ್ಕೆ ಬೆಲ್ಲ ಒಡೆದಳು.

ದಾರಿ ತೋರಿಸಿದವಳು ನೆರೆಮನೆಯ ರೇಣವ್ವ. ಊರಿನ ಸರ್ಕಾರಿ ದವಾಖಾನೆಯಲ್ಲಿ ಆಕೆ ಕಸ ಗುಡಿಸುತ್ತಿದ್ದಳು. ಒಂದು ಸಂಜೆ ಗೋಡೆಯಾಚೆಯಿಂದಲೇ ಕೂಗಿದಳು.

"ಮಾಸುಮಕ್ಕಾ, ಕೇಳಿದಿ ಏನಬೇ? ಮುಂಬಯಿ ಸರ್ಕಾರ ಇದ್ದಾಗಿಂದು ಹಳೀ ಪಟ್ಟಿ ತೆಗದು ಹೊಸಾ ಪಟ್ಟಿ ಮಾಡಾಕತ್ತಾರಂತ. ದವಾಖಾನಿಗಿ ಗಾದಿ ಕೊಡಾವ್ರು ಅರ್ಜಿ ಹಾಕ್ರಿ ಅಂತ ಬಾಗಲಾಗ ಕಾಗದ ಅಂಟಿಸ್ಯಾರ."

"ನನ್ನ ಕೈಯಾಂದು ಸರ್ಕಾರ ತೊಗೊಂತೈತೇನ?"

"ತೊಗೊಳ್ಳಾಕ ಏನ ಧಾಡಿ? ಸರ್ಕಾರಕ್ಕ ಮದಿವಿ ಇಲ್ಲ, ಸ್ವಾಬನ ಇಲ್ಲ. ಅಪಶಕುನ ಯಾಕ ನೋಡ್ತೈತಿ?"

ಇಬ್ಬರೂ ಗೋಡೆಯ ಎರಡು ಬದಿಯಲ್ಲಿ ನಕ್ಕರು. ಮರುದಿನ ಮಾಸುಮಬಿ ಸೈಫುದ್ದೀನನಿಗೆ ಹೇಳಿಕಳಿಸಿದಳು. ಅವನು ಬಂದು, ಕೇಳಿ, ತಲೆ ಕೆರೆದುಕೊಂಡ.

"ಆತು. ಸರ್ಕಾರದ ಪಟ್ಟ್ಯಾಗ ನಿನ್ನ ಹೆಸರು ಬಂತಂದ್ರ ಬಿಲ್ಲು ನಿಂದು, ಮನಿನೂ ನಿಂದು. ಬರಲಿಲ್ಲಂದ್ರ ಎರಡನೇ ಮಾತಿಲ್ಲ, ಗಂಟು ಕಟ್ಟು."

"ಕಟ್ಟತೀನಿ" ಎಂದಳು.

ವಿಜಾಪುರದಲ್ಲಿ ಜಿಲ್ಲೆಯ ದವಾಖಾನೆಗಳಿಗೆ ಸಾಮಾನು ಕೊಳ್ಳುವ ಕಚೇರಿ ಒಂದು ಹಳೆಯ ಕಲ್ಲುಕಟ್ಟಡದಲ್ಲಿತ್ತು. ಗುಮಾಸ್ತ ಅಂಬಾದಾಸ ಕಿವಿಯ ಮೇಲೆ ಸೀಸದಕಡ್ಡಿ ಸಿಗಿಸಿಕೊಂಡು ಎಲೆ ಮಡಿಚುತ್ತಿದ್ದ. ಆಕೆಯ ಹಿಂದೆ ಯಾರಾದರೂ ಬಂದಿದ್ದಾರೆಯೇ ಎಂದು ಬಾಗಿಲ ಕಡೆ ನೋಡಿದ.

"ಗಾದಿ ಮಾಡಾವ್ರು ಎಲ್ಲಿ?"

"ನಾನ ರೀ."

"ಹಂಗಲ್ಲ ಬಾಯಾರ, ಅರ್ಜಿ ಯಾರ ಹೆಸರಲೆ ಬರೀಲಿ? ಯಜಮಾನ್ರ ಹೆಸರು ಏನು?"

"ಪೀರಸಾಬ ಅಂತ್ರಿ. ತೀರಿಕೊಂಡಾರ್ರಿ. ಸತ್ತವರು ಹತ್ತಿ ಹಿಂಜೂದಿಲ್ರಿ ಸಾಹೇಬ್ರ. ನನ್ನ ಹೆಸರು ಬರೀರಿ."

ಅಂಬಾದಾಸ ಎಲೆಯನ್ನು ಬಾಯಿಗಿಟ್ಟುಕೊಂಡು ಬರೆದ. ಆಮೇಲೆ ಅವಸರವಿಲ್ಲದೆ ಒಂದೊಂದಾಗಿ ತಿಳಿಸಿ ಹೇಳಿದ. ಈಕೆಯ ಕಸುಬು ಇದೇ ಎಂದು ಊರಿನ ಪಂಚಾಯತಿಯವರು ದಾಖಲೆ ಕೊಡಬೇಕು. ಸ್ವಲ್ಪ ಠೇವಣಿ ಇಡಬೇಕು. ಮಾದರಿಗೆ ಒಂದು ಗಾದಿ ಹೊಲಿದು ತರಬೇಕು. ಅದಕ್ಕೆ ಚೀಟಿ ಕಟ್ಟಿ, ಅರಗಿನ ಮುದ್ರೆ ಒತ್ತಿ ಕಪಾಟಿನಲ್ಲಿ ಇಡುತ್ತಾರೆ. ಅದು ಒಪ್ಪಿಗೆಯಾದರೆ ಮೊದಲ ಕಂತು ಹೊಲಿಯಲು ಹೇಳುತ್ತಾರೆ. ಆ ಗಾದಿಗಳು ಒಂದು ಮಳೆಗಾಲ ಉಗ್ರಾಣದಲ್ಲಿರಬೇಕು. ಹತ್ತಿ ಗಂಟಾಗದೆ, ಖೋಳ ಕೊಳೆಯದೆ, ಮುದ್ರೆಯ ಮಾದರಿಗೆ ತಾಳೆಯಾಗಿ ಉಳಿದರೆ ಆಗ ಹೆಸರು ಪಟ್ಟಿಗೆ. ಪಟ್ಟಿಗೆ ಬಂದರೆ ವರ್ಷವರ್ಷ ಕೆಲಸ.

"ಮಳಿಗಾಲ ಯಾಕ್ರಿ?"

"ಹೋದ ಸಲ ಒಬ್ಬಾಂವ ಮಾದರಿಗೆ ಛಲೋ ಹತ್ತಿ ತುಂಬಿದ್ದ. ಉಳಿದದ್ದಕ್ಕೆಲ್ಲಾ ಹಿಂಡಿಯಂಥಾದ್ದು ತುಂಬಿದ್ದ. ಮಳಿ ಬಂತು, ಗಾದಿ ಎಲ್ಲಾ ಸೆಟದು ಹಲಿಗಿ ಆದ್ವು. ಈಗ ಸಾಹೇಬ್ರು ಯಾರನ್ನೂ ನಂಬೂದಿಲ್ಲ, ಮಳಿನ್ನ ಅಷ್ಟ ನಂಬತಾರ."

ಮಾಸುಮಬಿ ಊರಿಗೆ ಬಂದು ಠೇವಣಿಗಾಗಿ ಕೈಯ ಬೆಳ್ಳಿ ಕಡಗ ಮಾರಿದಳು. ಒಳ್ಳೆಯ ಹತ್ತಿ ಆರಿಸಿದಳು. ಬಿಲ್ಲು ಹೊಡೆದಳು. ಮಾದರಿಯ ಗಾದಿ ಹೊಲಿಯುತ್ತ ಕೊನೆಯ ಮೂಲೆಗೆ ಬಂದಾಗ ಕೈ ತಾನಾಗಿ ಜೋಳದ ಮಡಕೆಗೆ ಹೋಯಿತು.

ಆ ಮನೆಯಲ್ಲಿ ಅದು ಅತ್ತೆಯ ಕಾಲದಿಂದ ನಡೆದುಬಂದದ್ದು. ಗಾದಿಯ ಕೊನೆಯ ಮೂಲೆಯನ್ನು ಮುಚ್ಚುವ ಮುನ್ನ ಒಂದು ಚಿಟಿಕೆ ಜೋಳ ಒಳಗೆ ಹಾಕಿ ಹೊಲಿಗೆ ಮುಗಿಸಬೇಕು. "ಹಾಸಿಗಿ ಬರೀ ಹೊಟ್ಟಿಲೆ ಮನಿ ಬಿಟ್ಟು ಹೋಗಬಾರದವ್ವಾ, ಮಲಗಿದವರು ಹಸೀತಾರ" ಎಂದು ಅತ್ತೆ ಹೇಳುತ್ತಿದ್ದಳು. ಚಿಟಿಕೆ ಜೋಳ ಹತ್ತಿಯ ನಡುವೆ ಎಲ್ಲೋ ಹುದುಗಿಹೋಗುತ್ತಿತ್ತು. ಮನೆಗಳಲ್ಲಿ ಗಾದಿಯನ್ನು ಬಿಸಿಲಿಗೆ ಹಾಕುತ್ತಾರೆ, ಕೊಡವುತ್ತಾರೆ, ರಾತ್ರಿ ಮೇಲೊಬ್ಬರು ಮಲಗುತ್ತಾರೆ. ಯಾರೂ ಎಂದೂ ದೂರು ತಂದಿರಲಿಲ್ಲ.

ಅಂದು ಆಕೆಯ ಬೆರಳುಗಳಲ್ಲಿ ಚಿಟಿಕೆ ಜೋಳವಿತ್ತು. ಆದರೆ ಈ ಗಾದಿ ಹೋಗುವುದು ಮದುವೆಮನೆಗಲ್ಲ, ದವಾಖಾನೆಗೆ; ಅದರ ಮೇಲೆ ಮಲಗುವವರ ಬಳಿ ರೊಟ್ಟಿ ತರುವವರು ಇರುತ್ತಾರೋ ಇಲ್ಲವೋ. ಸೊಲ್ಲಾಪುರದ ಆ ಮಂಚ ನೆನಪಾಯಿತು. ಆಕೆ ಚಿಟಿಕೆಯನ್ನು ಮಡಕೆಗೆ ಸುರಿದು, ಹಿಡಿ ತುಂಬ ತೆಗೆದಳು.

ಮಾದರಿ ಒಪ್ಪಿಗೆಯಾಯಿತು. ಮೊದಲ ಕಂತಿನ ಗಾದಿಗಳನ್ನೂ ಹಾಗೆಯೇ ಹೊಲಿದಳು, ಪ್ರತಿಯೊಂದರ ಬಲಮೂಲೆಗೂ ಹಿಡಿ ಜೋಳ. ಮುಂಗಾರಿಗೆ ಮುಂಚೆ ಬಾಡಿಗೆಯ ಚಕ್ಕಡಿಯಲ್ಲಿ ಹೇರಿಸಿ, ಹಗ್ಗ ಬಿಗಿದು, ತಾನು ಗಾಡಿಯ ಹಿಂದೆ ಕೂತು ಹೋದಳು. ಇಟ್ಟಂಗಿಹಾಳ ದಾಟಿದ ಮೇಲೆ ದೂರದಲ್ಲಿ ಗುಮ್ಮಟ ಕಾಣಿಸಿತು. ಉಗ್ರಾಣದಲ್ಲಿ ಅಂಬಾದಾಸ ಎಣಿಸಿ ಇಳಿಸಿಕೊಂಡ. ಹಿಂದಿರುಗುವಾಗ ಖಾಲಿ ಚಕ್ಕಡಿ ಸದ್ದು ಮಾಡುತ್ತಿತ್ತು. ಕೆಲಸ ಚೆನ್ನಾಗಿ ಆಯಿತು ಎಂದು ಹೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ದೀಪ ಹಚ್ಚಿ, ಗೋಡೆಯ ಬಿಲ್ಲನ್ನು ಒಮ್ಮೆ ಬೆರಳಿನಿಂದ ಮೀಟಿದಳು.

ಆ ವರ್ಷ ಮಳೆ ಚೆನ್ನಾಗಿ ಹಿಡಿಯಿತು. ತಂಪಿಗೆ ಬಿಲ್ಲಿನ ನರ ಸಡಿಲಾಗುತ್ತದೆ, ಹತ್ತಿ ಭಾರವಾಗುತ್ತದೆ. ಮಳೆಗಾಲದಲ್ಲಿ ಪಿಂಜಾರರಿಗೆ ಕೆಲಸವಿಲ್ಲ. ಪೀರಸಾಬ ಇದ್ದಾಗ ಆ ದಿನಗಳಲ್ಲಿ ಅವನು ನಿದ್ದೆ ಮಾಡುತ್ತಿದ್ದ, ಆಕೆ ಬೈಯುತ್ತಿದ್ದಳು. ಈಗ ಬೈಯಲು ಯಾರೂ ಇಲ್ಲದ ಮನೆಯಲ್ಲಿ ಆಕೆ ಮಾಳಿಗೆಯ ಸೋರಿಕೆಗೆ ಪಾತ್ರೆ ಇಡುತ್ತ, ಪಾತ್ರೆ ತುಂಬುವ ಸದ್ದು ಕೇಳುತ್ತ ಕೂರುತ್ತಿದ್ದಳು. ಹತ್ತಿ ಗಂಟಾಗಲಿಕ್ಕಿಲ್ಲ ಎಂದು ಆಕೆಗೆ ಗೊತ್ತಿತ್ತು. ಆ ಹತ್ತಿಯ ಬಗ್ಗೆ ಆಕೆಗೆ ಹೆದರಿಕೆಯೇ ಇರಲಿಲ್ಲ.

ಮಳೆ ಹಿಂದಾದ ಮೇಲೆ ಕಚೇರಿಯಿಂದ ಕಾರ್ಡು ಬಂತು. ರೇಣವ್ವ ಅದನ್ನು ದವಾಖಾನೆಯ ಕಂಪೌಂಡರರಿಂದ ಓದಿಸಿಕೊಂಡು ಬಂದಳು. ಕೂಡಲೇ ಬರತಕ್ಕದ್ದು ಎಂದಷ್ಟೇ ಇತ್ತು.

ಉಗ್ರಾಣದ ಬಾಗಿಲು ತೆಗೆದಾಗ ನೆಲದ ಮೇಲೆಲ್ಲ ಹತ್ತಿ. ಗಾದಿಗಳೆಲ್ಲ ಬಲಮೂಲೆಯಲ್ಲಿ ಹರಿದಿದ್ದವು. ಎಡಮೂಲೆಗಳು ಹೊಸದರಂತೆಯೇ ಇದ್ದವು. ಅಂಬಾದಾಸ ಒಂದನ್ನು ಎತ್ತಿ ತೋರಿಸಿದ.

"ನೋಡ್ರಿ ಬಾಯಾರ. ಇಲಿ ಎಲ್ಲಾ ಕಡೆ ಇರ್ತಾವ, ನಾ ಇಲ್ಲ ಅನ್ನೂದಿಲ್ಲ. ಆದ್ರ ಇವಕ ಬಲಕ್ಕ ತಿನ್ನು, ಎಡಕ್ಕ ಬಿಡು ಅಂತ ಯಾರು ಕಲಿಸಿದ್ರು? ಕಪಾಟಿನಾಗಿನ ಮಾದರಿನೂ ಬಿಟ್ಟಿಲ್ಲ. ಮುದ್ರಿ ಹಂಗ ಐತಿ, ಮೂಲಿ ಇಲ್ಲ!"

ಮಾಸುಮಬಿ ಬಗ್ಗಿ ಹರಿದ ಮೂಲೆಯೊಳಗೆ ಬೆರಳು ಹಾಕಿದಳು. ಜೋಳದ ಹೊಟ್ಟು ಬೆರಳಿಗೆ ಹತ್ತಿತು. ಸುಮ್ಮನಿದ್ದರೆ ತಪ್ಪು ಇಲಿಗಳ ಮೇಲೆಯೇ ಉಳಿಯುತ್ತಿತ್ತು. ಆದರೆ ಅಂಬಾದಾಸ ನೋಡುತ್ತ ನಿಂತಿದ್ದ. ಆಕೆ ಹೊಟ್ಟು ಹತ್ತಿದ ಬೆರಳನ್ನು ಅವನ ಮುಂದೆ ಹಿಡಿದಳು.

"ನಾನ ಜ್ವಾಳ ಹಾಕೀನ್ರಿ."

"ಗಾದ್ಯಾಗ?"

"ಹೂಂ ರೀ. ಹಾಸಿಗಿ ಬರೀ ಹೊಟ್ಟಿಲೆ ಕಳಸಬಾರದು ಅಂತ ನಮ್ಮ ಮನಿ ಪದ್ಧತಿ ಐತ್ರಿ. ಚಿಟಿಕಿ ಹಾಕೂದು. ಇವಕ ನಾ ಹಿಡಿ ಹಾಕೀನಿ."

"ಅಲ್ರೀ, ರೋಗಿಗಳಿಗೆ ಊಟ ಅಡಿಗಿಮನಿಯಿಂದ ಕೊಡ್ತೀವಿ, ಗಾದಿಯಿಂದಲ್ಲ!" ಎಂದ ಅಂಬಾದಾಸ. ಎಂದವನು ಆಕೆಯ ಮುಖ ನೋಡಿ ನಗು ತಡೆದುಕೊಂಡ. ಸ್ವಲ್ಪ ಹೊತ್ತು ಗಾದಿಯ ಹತ್ತಿಯನ್ನು ಬೆರಳಲ್ಲಿ ಹಿಸುಕಿದ. "ಹತ್ತಿ ಏನೂ ಆಗಿಲ್ಲ. ಒಂದ ಗಂಟು ಇಲ್ಲ. ಇರ್ರಿ" ಎಂದು ಒಳಗೆ ಸಾಹೇಬರ ಕೋಣೆಗೆ ಹೋದ.

ಹೊರಗೆ ಬಂದು ಹೇಳಿದ. ಸಾಹೇಬರು ಅರ್ಜಿಯನ್ನೇ ಹೊಡೆದುಹಾಕಲು ಹೊರಟಿದ್ದರು. ಹತ್ತಿ ನೋಡಿ ಒಂದು ಅವಕಾಶ ಕೊಟ್ಟಿದ್ದಾರೆ. ಎಲ್ಲ ಮೂಲೆಗಳನ್ನೂ ಬಿಚ್ಚಿ, ಜೋಳ ತೆಗೆದು, ತನ್ನ ಖರ್ಚಿನಲ್ಲಿ ಹೊಲಿದುಕೊಡಬೇಕು. ಹೊಸ ಮಾದರಿ ತರಬೇಕು. ಹತ್ತಿಯ ಹೊರತು ಗಾದಿಯಲ್ಲಿ ಏನೂ ಇಲ್ಲ, ಮುಂದೆಯೂ ಇರುವುದಿಲ್ಲ ಎಂದು ಬರೆದುಕೊಡಬೇಕು. "ಇನ್ನೊಮ್ಮೆ ಒಂದು ಕಾಳು ಸಿಕ್ರ ಪಟ್ಟಿಯಿಂದ ಹೋದಂಗ. ಚಿಟಿಕಿನೂ ಇಲ್ಲ, ತಿಳೀತಿಲ್ರಿ?"

"ತಿಳೀತ್ರಿ."

ಉಗ್ರಾಣದ ಕಟ್ಟೆಯ ಮೇಲೆ ಕೂತು ಆಕೆ ಹಗಲೆಲ್ಲ ಮೂಲೆ ಬಿಚ್ಚಿದಳು. ಇಲಿ ಬಿಟ್ಟ ಕಾಳು ಸೆರಗಿಗೆ ಬೀಳುತ್ತಿತ್ತು. ಬರೆದುಕೊಡುವ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಶಾಯಿಯನ್ನು ಕಟ್ಟೆಯ ಕಲ್ಲಿಗೆ ಒರೆಸಿದಳು.

ಹೊಸ ಮಾದರಿಯನ್ನು ಮನೆಯಲ್ಲೇ ಹೊಲಿದಳು. ಕೊನೆಯ ಮೂಲೆ ಬಂತು. ಕೈ ಮಡಕೆಗೆ ಹೋಗಿ, ಹಿಡಿ ತುಂಬಿಕೊಂಡು ಬಂದು, ಬಾಯಿ ತೆರೆದ ಖೋಳದ ಮುಂದೆ ನಿಂತಿತು. ಗೋಡೆಯ ಮೇಲೆ ಬಿಲ್ಲಿತ್ತು. ಬಬಲೇಶ್ವರದಲ್ಲಿ ಒಲೆಯ ಪಕ್ಕದ ಮೂಲೆಯೂ ಕಾದಿತ್ತು. ಆಕೆ ಹಿಡಿಯನ್ನು ಮಡಕೆಯ ಮೇಲೆ ತಂದು ಬಿಚ್ಚಿದಳು. ಕಾಳು ಕಾಳಿನ ಮೇಲೆ ಬಿದ್ದ ಸದ್ದಾಯಿತು. ಖಾಲಿ ಮೂಲೆಯನ್ನು ಒತ್ತಿಹಿಡಿದು ದಬ್ಬಣ ಚುಚ್ಚಿದಳು.

ಹೆಸರು ಪಟ್ಟಿಗೆ ಬಂತು. ಸೈಫುದ್ದೀನ ಬಂದು ಕೇಳಿ, ಬಿಲ್ಲಿನ ಮೇಲಿನ ಧೂಳನ್ನು ತನ್ನ ಟವೆಲ್ಲಿನಿಂದ ಒರೆಸಿ, "ಅಣ್ಣಗಿಂತ ನೀನ ಜಿದ್ದಿನಾಕಿ ಭಾಬಿ" ಎಂದು ನಕ್ಕು ಹೋದ. ಆಮೇಲೆ ವರುಷಕ್ಕೆರಡು ಸಲ, ಹಬ್ಬಕ್ಕೆ ಮಾತ್ರ ಬರತೊಡಗಿದ. ಒಬ್ಬಳೇ ಇರಬಲ್ಲೆನೆಂದು ತೋರಿಸಿಕೊಟ್ಟವಳ ಮನೆಗೆ ಜನ ಹೆಚ್ಚು ಬರುವುದಿಲ್ಲ. ಬಿಲ್ಲಿನ ದನಿ ಮಾತ್ರ ದಿನಾ ಬೆಳಗ್ಗೆ ಏಳುತ್ತಿತ್ತು. ತಿಕೋಟಾ, ಬಬಲೇಶ್ವರ, ಮಮದಾಪುರದ ಕಡೆಯ ದವಾಖಾನೆಗಳಿಗೆಲ್ಲ ಆಕೆಯ ಗಾದಿಗಳು ಹೋದವು, ಒಂದೂ ತಿರುಗಿ ಬರಲಿಲ್ಲ.

ಆದರೆ ಆಕೆಗೊಂದು ಹೊಸ ರೂಢಿ ಬಿತ್ತು. ಮಧ್ಯಾಹ್ನ ಕೈ ಸೋತಾಗ ಊರಿನ ದವಾಖಾನೆಗೆ ಹೋಗುವಳು. ರೇಣವ್ವನನ್ನು ನೋಡಲು ಎಂಬ ನೆಪ. ಮಂಚಗಳ ನಡುವೆ ನಡೆಯುತ್ತ, ಒಂದೊಂದು ಗಾದಿಯ ಬಲಮೂಲೆಯನ್ನು ಅಂಗೈಯಿಂದ ಒತ್ತುವಳು. ಹತ್ತಿ ತಗ್ಗಿ ಮೇಲೇಳುವುದು. ಬೆರಳಿಗೆ ಕಾಳು ಸಿಗುತ್ತಿರಲಿಲ್ಲ. ಆಗ ಮಲಗಿದವರನ್ನು ಕೇಳುವಳು, "ಊಟ ಆತೇನ್ರಿ?" ಇಲ್ಲ ಎಂದವರಿಗೆ ಮನೆಯಿಂದ ರೊಟ್ಟಿ ತರುವಳು.

ಒಂದು ದಿನ ಕಳ್ಳಕವಟಗಿಯಿಂದ ಬಂದ ಮುದುಕನೊಬ್ಬ ಕಿಟಕಿಯ ಪಕ್ಕದ ಮಂಚದಲ್ಲಿದ್ದ. ಜೊತೆಗೆ ಯಾರೂ ಇರಲಿಲ್ಲ. ಆಕೆ ಮೂಲೆ ಒತ್ತುವುದನ್ನು ನೋಡಿ ಕೇಳಿದ.

"ಯಾರು ಬೇಕಾಗಿತ್ತು ತಂಗಿ?"

"ಯಾರೂ ಇಲ್ರಿ. ಊಟ ಆತೇನ್ರಿ?"

"ಆತವ್ವಾ, ಈಗ ಗಂಜಿ ಕುಡದೆ" ಎಂದ ಮುದುಕ. ಆಮೇಲೆ, ಎಲ್ಲರೂ ಎಲ್ಲರನ್ನೂ ಕೇಳುವ ಹಾಗೆ, ಕೇಳಿದ.

"ನಿಂದು ಆತೇನಬೇ?"

ಮಾಸುಮಬಿ ಗಾದಿಯ ಮೂಲೆಯಿಂದ ಕೈ ತೆಗೆಯಲಿಲ್ಲ. ಬೆಳಗಿನಿಂದ ಬಿಲ್ಲು ಹೊಡೆದದ್ದು ನೆನಪಿತ್ತು; ಉಂಡಿದ್ದೆನೋ ಇಲ್ಲವೋ ಎಂದು ನೆನಪಿಸಿಕೊಳ್ಳಲು ಆಕೆಗೆ ಸ್ವಲ್ಪ ಹೊತ್ತು ಹಿಡಿಯಿತು.